ಪರದೆ ಕಪ್ಪಾದರೆ ಗಾಬರಿ ಬೇಡ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ಕಂಪ್ಯೂಟರ್ ಕೊಠಡಿ. ಎಸ್ಸೆಸ್ಸೆಲ್ಸಿ ಐ.ಟಿ. ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿರುವಾಗಲೇ ಒಂದು ಕಂಪ್ಯೂಟರಿನ ಪರದೆ ಕಪ್ಪಗಾಯಿತು. "ನಿನ್ನೆ ಅಪ್‌ಡೇಟ್ ಹಾಕಿದ್ದು ಟೀಚರ್, ಇವತ್ತು ಎಂಥದೂ ಕಾಣುವುದಿಲ್ಲ" ಎಂದ ಹುಡುಗನ ಮುಖ ಬಾಡಿತ್ತು.

ಕೇರಳದ ಶಾಲೆಗಳಲ್ಲಿ ಬಳಸುವುದು ಉಬುಂಟು ಆಧಾರಿತ ಲಿನಕ್ಸ್. 2001ರ ಐ.ಟಿ. ಅಟ್ ಸ್ಕೂಲ್ ಯೋಜನೆ 2017ರಲ್ಲಿ 'ಕೈಟ್' ಸಂಸ್ಥೆಯಾಯಿತು. ಗಡಿನಾಡ ಕನ್ನಡ ಮಕ್ಕಳೂ ಇದರಲ್ಲೇ ಕಲಿತು ಇದರಲ್ಲೇ ಪರೀಕ್ಷೆ ಬರೆಯಬೇಕು.

ಇಲ್ಲಿ ಕೆಟ್ಟದ್ದು ಯಂತ್ರವಲ್ಲ, ಗ್ರಾಫಿಕ್ಸ್ ಡ್ರೈವರ್. ಕಾರ್ಡ್ ತಯಾರಕರು ಕೊಡುವ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನೆಲ್‌ಗೆ ಹೊಂದಬೇಕು. ಕರ್ನೆಲ್ ಹೊಸದಾಗಿ, ಡ್ರೈವರ್ ಹಳೆಯದರಲ್ಲೇ ಉಳಿದರೆ ಚಿತ್ರ ಮೂಡದು.

ಸಮಾಧಾನವೆಂದರೆ, ಹಿಂದಿನ ಕರ್ನೆಲ್ ಸಾಮಾನ್ಯವಾಗಿ ಡಿಸ್ಕಿನಲ್ಲೇ ಇರುತ್ತದೆ. ಕಂಪ್ಯೂಟರ್ ಶುರುವಾಗುವಾಗ ಶಿಫ್ಟ್ ಇಲ್ಲವೇ ಎಸ್ಕೇಪ್ ಕೀಲಿ ಒತ್ತಿದರೆ 'ಗ್ರಬ್' ಪಟ್ಟಿ ಬರುತ್ತದೆ. ಅಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ ಹಳೆಯ ಕರ್ನೆಲ್ ಆರಿಸಬೇಕು. ಅದಕ್ಕೂ ಬಗ್ಗದಿದ್ದರೆ 'ಇ' ಕೀಲಿ ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಎಂದು ಇಂಗ್ಲಿಷಿನಲ್ಲಿ ಸೇರಿಸಿ ಎಫ್10 ಒತ್ತಬೇಕು. ಚಿತ್ರ ಒರಟಾದರೂ ಕೆಲಸ ನಡೆದೀತು. ಇದು ಆ ಒಂದು ಸಲಕ್ಕೆ ಮಾತ್ರ. ಆಮೇಲೆ ಡ್ರೈವರನ್ನು ಮತ್ತೆ ಹಾಕಲೇಬೇಕು.

ಟೀಚರ್ ಹಳೆಯ ಕರ್ನೆಲ್ ಆರಿಸಿದರು. ಪರದೆ ಬೆಳಗಿತು, ಕಡತಗಳೆಲ್ಲ ಇದ್ದಲ್ಲೇ ಇದ್ದವು. "ಪರೀಕ್ಷೆ ಮುಗಿಯುವ ತನಕ ಅಪ್‌ಡೇಟ್ ಮುಟ್ಟಬೇಡ ಮಾರಾಯಾ" ಎಂದು ನಕ್ಕರು.

ಇಷ್ಟು ವಿಷಯ ಕನ್ನಡದಲ್ಲಿ ಒಂದು ಹಾಳೆಯಾಗಿ ಪ್ರತಿ ಲ್ಯಾಬಿನ ಗೋಡೆಯಲ್ಲಿದ್ದರೆ ಗಡಿನಾಡ ಮಕ್ಕಳಿಗೆ ದೊಡ್ಡ ಉಪಕಾರ. ಸಂಬಂಧಪಟ್ಟವರು ಮನಸ್ಸು ಮಾಡಬೇಕು.