ಹುರುಳಿಯ ಕಟ್ಟಿನಲ್ಲಿ ಹುರುಳೆಷ್ಟು?

ಕುಂದಗೋಳ ತಾಲ್ಲೂಕಿನ ಕುಬಿಹಾಳದಂಥ ಎರೆನಾಡಿನ ಊರಿನಲ್ಲಿ ಒಬ್ಬರಿಗೆ ಸೊಂಟದ ಮಗ್ಗುಲಿನಿಂದ ತೊಡೆಸಂದಿಗೆ ನೋವಿಳಿದು ಹೊರಳಾಡುವಂತಾದರೆ, ಹಿರಿಯರು ಮೊದಲು ನೆನೆಯುವುದು ಹುರುಳಿಯ ಕಟ್ಟು, ಬಾಳೆದಿಂಡಿನ ರಸ, ನೆಗ್ಗಿಲುಮುಳ್ಳಿನ ಕಷಾಯ. ನೆಗ್ಗಿಲನ್ನು ಹುಡುಕಬೇಕಾಗಿಲ್ಲ, ಹೊಲದ ಬದುವಿನಲ್ಲಿ ಅದೇ ನಿಮ್ಮ ಕಾಲನ್ನು ಹುಡುಕಿಕೊಂಡು ಬರುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ಗೋಕ್ಷುರವೆಂದು ಹೆಸರು.

ಆಯುರ್ವೇದವು ಈ ಬೇನೆಯನ್ನು ಅಶ್ಮರಿ ಎನ್ನುತ್ತದೆ, ಅಶ್ಮವೆಂದರೆ ಕಲ್ಲು. ಹೊಸದಾದ ಅಶ್ಮರಿಗೆ ಔಷಧ, ಬಲಿತುದಕ್ಕೆ ಶಸ್ತ್ರ ಎಂಬುದು ಸುಶ್ರುತಸಂಹಿತೆಯ ಮತ. ಹಳೆಯ ವೈದ್ಯವನ್ನು ಕೊಂಡಾಡುವವರು ಇದರ ಎರಡನೆಯ ಭಾಗವನ್ನು ಮರೆಯುವುದುಂಟು.

ಮೂತ್ರವು ಮಂದವಾದಾಗ ಅದರಲ್ಲಿ ಕರಗಿದ್ದ ಲವಣಗಳು, ಪಾಕದಲ್ಲಿ ಸಕ್ಕರೆ ಹರಳುಗಟ್ಟುವಂತೆ, ಕಲ್ಲಾಗುತ್ತವೆ. ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಇಲ್ಲಿ ಒಂದು ಸೂಕ್ಷ್ಮವುಂಟು. 5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ಬಹುಪಾಲು, ಏನೂ ಮಾಡದಿದ್ದರೂ, ಕೆಲವು ವಾರಗಳಲ್ಲಿ ತಾವೇ ಇಳಿದುಹೋಗುತ್ತವೆ. ಇಳಿದ ಹಿಂದಿನ ದಿನ ಕುಡಿದ ಕಷಾಯಕ್ಕೆ ಕೀರ್ತಿ ಸಲ್ಲುತ್ತದೆ! ಆದುದರಿಂದ ನೆರೆಯವರ ಅನುಭವವೊಂದನ್ನೇ ಪ್ರಮಾಣವೆಂದು ಹಿಡಿಯಲಾಗದು.

ಹಾಗಾದರೆ ವಿಜ್ಞಾನದ ಆಧಾರವೇ ಇಲ್ಲವೆ? ಸ್ವಲ್ಪ ಇದೆ. ಹುರುಳಿಯ ಸಾರವು ಹರಳು ಬೆಳೆಯುವುದನ್ನು ತಡೆದುದು ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿ. ನೆಗ್ಗಿಲು ಗುಣ ತೋರಿದುದು ಇಲಿಗಳಲ್ಲಿ. ನೆಲನೆಲ್ಲಿ ಒಂದು ಹೆಜ್ಜೆ ಮುಂದಿದೆ. ಯಂತ್ರದ ತರಂಗಗಳಿಂದ ಕಲ್ಲು ಒಡೆಸಿಕೊಂಡ 150 ರೋಗಿಗಳ ಮೇಲೆ ಇಟಲಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅದರ ಸಾರವು ಮುಖ್ಯವಾಗಿ ಮೂತ್ರಪಿಂಡದ ಕೆಳಭಾಗದ ಚೂರುಗಳು ಹೊರಬೀಳಲು ನೆರವಾದಂತೆ ಕಂಡಿತು. ಆದರೆ ನಮ್ಮಲ್ಲಿ ನೆಲನೆಲ್ಲಿ ಎನಿಸಿಕೊಳ್ಳುವ ಗಿಡಗಳು ಒಂದೇ ಜಾತಿಯವಲ್ಲ. ಬೆಳೆದ ಕಲ್ಲನ್ನು ಕಷಾಯವು ಕರಗಿಸುತ್ತದೆಂಬುದಕ್ಕಂತೂ ನಂಬುವಂಥ ಪುರಾವೆಯಿಲ್ಲ.

ಗಟ್ಟಿ ಪುರಾವೆಯಿರುವುದು ನೀರಿಗೆ. ಮೊದಲ ಸಲ ಕಲ್ಲಾದ 199 ಜನರನ್ನು ಇಟಲಿಯಲ್ಲಿಯೇ ಐದು ವರ್ಷ ಗಮನಿಸಿದರು. ವರದಿ ಬಂದುದು 1996ರಲ್ಲಿ. ಹೆಚ್ಚು ನೀರು ಕುಡಿದವರಲ್ಲಿ ನೂರಕ್ಕೆ 12 ಮಂದಿಗೆ ಮತ್ತೆ ಕಲ್ಲಾಯಿತು, ಉಳಿದವರಲ್ಲಿ 27 ಮಂದಿಗೆ. ದಿನಕ್ಕೆ ಎರಡು, ಎರಡೂವರೆ ಲೀಟರು ಮೂತ್ರ ಹೋಗುವಷ್ಟು ಕುಡಿಯಬೇಕು. ಬೇಸಗೆಯಲ್ಲಿ ಬೆವರಿಗೆ ಬೇರೆ ಲೆಕ್ಕ. ತೆಳ್ಳನೆಯ ಕಟ್ಟನ್ನು ತಂಬಿಗೆಗಟ್ಟಲೆ ಕುಡಿಸುತ್ತಿದ್ದ ಅಜ್ಜಿಯರು ನೀರನ್ನೇ ಕುಡಿಸುತ್ತಿದ್ದರಲ್ಲವೆ?

ನೋವಿನೊಡನೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಇಲ್ಲವೆ ರೋಗಿಯು ಗರ್ಭಿಣಿಯಾಗಿದ್ದರೆ ಕಷಾಯಕ್ಕೆ ಕಾಯದೆ ಆ ಹೊತ್ತೇ ಆಸ್ಪತ್ರೆಗೆ ಹೋಗಿರಿ. ತಡವಾದರೆ ಮೂತ್ರಪಿಂಡವೇ ಕೆಟ್ಟೀತು, ಜೀವಕ್ಕೂ ಅಪಾಯ. ಮೂತ್ರಪಿಂಡ ಮೊದಲೇ ಸೋತವರು ಬಾಳೆದಿಂಡಿನ ರಸವನ್ನು ಮುಟ್ಟಬಾರದು. ಅದರ ಪೊಟ್ಯಾಸಿಯಂ ಅವರಿಗೆ ವಿಷವಾದೀತು. ನೋವಿರುವ ದಿನಗಳಲ್ಲಿ ಮೂತ್ರವನ್ನು ತೆಳ್ಳನೆಯ ಅರಿವೆಯಲ್ಲಿ ಸೋಸಿರಿ. ಬಿದ್ದ ಕಲ್ಲನ್ನು ಎಸೆಯದೆ ವೈದ್ಯರಿಗೆ ಕೊಟ್ಟರೆ, ಅದು ಯಾವ ಜಾತಿಯದೆಂದು ಪರೀಕ್ಷೆ ಮಾಡಿಸಿ ಪಥ್ಯ ಹೇಳುತ್ತಾರೆ.