ಆತಂಕದ ಕಾಯಿಲೆಗಳು

ಆತಂಕದ ಕಾಯಿಲೆಗಳು ಎಂಬುದು ಅತಿಯಾದ, ಬಹುಕಾಲ ಉಳಿಯುವ ಹಾಗೂ ದಿನನಿತ್ಯದ ಬದುಕಿಗೆ ಅಡ್ಡಿಯಾಗುವ ಭಯ ಮತ್ತು ಕಳವಳಗಳನ್ನು ಪ್ರಧಾನ ಲಕ್ಷಣವಾಗಿ ಉಳ್ಳ ಮಾನಸಿಕ ಕಾಯಿಲೆಗಳ ಒಂದು ಗುಂಪು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 30 ಕೋಟಿ ಜನರು ಇವುಗಳಿಂದ ಬಳಲುತ್ತಿದ್ದರು. ಪುರುಷರಿಗಿಂತ ಸ್ತ್ರೀಯರಲ್ಲಿ ಇವು ಹೆಚ್ಚಾಗಿ ಕಂಡುಬರುತ್ತವೆ. ಅನೇಕರಲ್ಲಿ ಬಾಲ್ಯ ಅಥವಾ ಹದಿಹರೆಯದಲ್ಲಿಯೇ ಆರಂಭವಾಗುತ್ತವೆ.

ಸಹಜ ಆತಂಕ ಮತ್ತು ಕಾಯಿಲೆ

ಆತಂಕವು ತನ್ನಷ್ಟಕ್ಕೆ ತಾನೇ ರೋಗವಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆ ಬಾರದಿರುವುದು, ಮಗು ಶಾಲೆಯಿಂದ ಬರುವುದು ತಡವಾದರೆ ಮನಸ್ಸು ಕಸಿವಿಸಿಗೊಳ್ಳುವುದು ಸಹಜ. ಕಾರಣ ತೀರಿದೊಡನೆ ಇಂತಹ ಕಳವಳವೂ ಇಳಿದುಹೋಗುತ್ತದೆ. ಕಾರಣವಿಲ್ಲದೆ ಅಥವಾ ಕಾರಣಕ್ಕೆ ಮೀರಿ ಆತಂಕ ಉಂಟಾಗಿ, ತಿಂಗಳುಗಟ್ಟಲೆ ಉಳಿದು, ವ್ಯಕ್ತಿಯ ಓದು, ದುಡಿಮೆ, ಸಂಬಂಧಗಳನ್ನು ಕೆಡಿಸತೊಡಗಿದಾಗ ಅದನ್ನು ಕಾಯಿಲೆಯೆಂದು ಪರಿಗಣಿಸಲಾಗುತ್ತದೆ.

ಲಕ್ಷಣಗಳು

ಆತಂಕವು ಮನಸ್ಸಿನದೆಂದು ಹೇಳುವುದು ರೂಢಿಯಾದರೂ ಅದು ಮೊದಲು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ದೇಹದಲ್ಲಿ. ಎದೆ ಡವಗುಟ್ಟುವುದು, ಬಾಯಿ ಒಣಗುವುದು, ಅಂಗೈ ಬೆವರುವುದು, ಕೈಕಾಲು ನಡುಗುವುದು, ಹೊಟ್ಟೆ ತೊಳಸುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಕತ್ತು ಹಾಗೂ ಭುಜಗಳ ಬಿಗಿತ ಇವು ಸಾಮಾನ್ಯ. ನಾಟ್ಯಶಾಸ್ತ್ರವು ಹೇಳುವ ಎಂಟು ಸಾತ್ತ್ವಿಕ ಭಾವಗಳಲ್ಲಿ ಸ್ವೇದ, ವೇಪಥು, ಸ್ವರಭೇದ, ವೈವರ್ಣ್ಯಗಳೂ ಸೇರಿವೆ. ಅಂದರೆ ಬೆವರು, ನಡುಕ, ಧ್ವನಿ ಒಡೆಯುವುದು, ಮುಖ ಬಿಳಿಚುವುದು. ಭಯವು ಮೈಯಲ್ಲಿ ಬರೆದುಕೊಳ್ಳುವ ಬಗೆಯನ್ನು ನಮ್ಮ ಪೂರ್ವಿಕರು ಸೂಕ್ಷ್ಮವಾಗಿಯೇ ಗಮನಿಸಿದ್ದರು.

ಈ ಬದಲಾವಣೆಗಳಿಗೆ ಅರ್ಥವಿದೆ. ಅಪಾಯದ ಸೂಚನೆ ದೊರೆತಾಗ ಮೆದುಳಿನ ಅಮಿಗ್ಡಾಲ ಎಂಬ ಭಾಗವು ಚುರುಕಾಗುತ್ತದೆ. ಅಡ್ರಿನಾಲಿನ್ ರಕ್ತಕ್ಕೆ ಸೇರಿ ದೇಹವನ್ನು ಹೋರಾಟಕ್ಕೆ ಇಲ್ಲವೇ ಪಲಾಯನಕ್ಕೆ ಅಣಿಗೊಳಿಸುತ್ತದೆ. ಎದುರಿಗೆ ಹುಲಿ ಇದ್ದಾಗ ಇದು ಪ್ರಾಣ ಉಳಿಸುವ ಉಪಾಯ. ಹುಲಿಯೇ ಇಲ್ಲದಿರುವಾಗಲೂ ಅದೇ ಸಿದ್ಧತೆ ನಡೆಯುತ್ತಿರುವುದು ಈ ಕಾಯಿಲೆಯ ಸಂಕಟ.

ಮನಸ್ಸಿನ ಲಕ್ಷಣಗಳಲ್ಲಿ ಏನೋ ಕೆಡುಕಾಗಲಿದೆ ಎಂಬ ಭಾವನೆ, ಏಕಾಗ್ರತೆಯ ಕೊರತೆ, ಸಿಡುಕು ಮತ್ತು ನಿದ್ರಾಭಂಗ ಮುಖ್ಯವಾದವು. ಇವುಗಳ ಬೆನ್ನಿಗೇ ತಪ್ಪಿಸಿಕೊಳ್ಳುವ ಅಭ್ಯಾಸ ಬೆಳೆಯುತ್ತದೆ. ಬಸ್ಸಿನಲ್ಲಿ ಗಾಬರಿಯಾದವರು ಬಸ್ಸನ್ನು ಬಿಡುತ್ತಾರೆ, ಅನಂತರ ಪೇಟೆಯನ್ನು, ಕೊನೆಗೆ ಹೊರಗೆ ಹೋಗುವುದನ್ನೇ ಬಿಡಬಹುದು. ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿ ಕ್ಷಣಿಕ; ಭಯವು ಮಾತ್ರ ಬಲಿಯುತ್ತದೆ.

ಮುಖ್ಯ ವಿಧಗಳು

ಸಾರ್ವತ್ರಿಕ ಆತಂಕದ ಕಾಯಿಲೆಯಲ್ಲಿ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ, ಬಹುತೇಕ ಎಲ್ಲ ದಿನಗಳಲ್ಲೂ, ಹಣ, ಆರೋಗ್ಯ, ಮನೆವಾರ್ತೆ ಮುಂತಾದ ಹಲವು ವಿಷಯಗಳ ಬಗ್ಗೆ ಹತೋಟಿಗೆ ಸಿಗದ ಚಿಂತೆ ಇರುತ್ತದೆ. ಸಾಮಾಜಿಕ ಆತಂಕದಲ್ಲಿ ಇತರರು ತನ್ನನ್ನು ನೋಡಿ ನಗುವರೆಂಬ ಅಂಜಿಕೆ. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಬಾಯಿ ಬಿಡದ ವಿದ್ಯಾರ್ಥಿಯನ್ನು ದಡ್ಡನೆಂದೋ ಅಹಂಕಾರಿಯೆಂದೋ ಭಾವಿಸುವುದುಂಟು. ಎತ್ತರ, ರಕ್ತ, ನಾಯಿ ಮೊದಲಾದ ನಿರ್ದಿಷ್ಟ ವಸ್ತು, ಸನ್ನಿವೇಶಗಳ ಭಯವನ್ನು ಫೋಬಿಯಾ ಎನ್ನುತ್ತಾರೆ.

ಪ್ಯಾನಿಕ್ ಕಾಯಿಲೆಯಲ್ಲಿ ತೀವ್ರ ದಿಗಿಲು ಹಠಾತ್ತನೆ ಎರಗಿ ಕೆಲವೇ ನಿಮಿಷಗಳಲ್ಲಿ ತುತ್ತತುದಿ ತಲುಪುತ್ತದೆ. ಉಸಿರು ಸಾಲದೆಂದು ರೋಗಿಯು ಬೇಗ ಬೇಗ ಉಸಿರಾಡುವುದರಿಂದ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ತಗ್ಗಿ, ತಲೆ ಸುತ್ತಿ, ಬೆರಳುಗಳು ಜುಮ್ಮೆನ್ನುತ್ತವೆ. ಇದರಿಂದ ಸಾವು ಬಂತೆಂಬ ಭಯ ಇಮ್ಮಡಿಸುತ್ತದೆ. ಇದನ್ನು ಹೃದಯಾಘಾತವೆಂದು ತಿಳಿದು ಆಸ್ಪತ್ರೆಗೆ ಧಾವಿಸುವವರು ಬಹಳ. ಹಾಗೆ ಧಾವಿಸುವುದು ತಪ್ಪಲ್ಲ: ಎದೆನೋವು ಬಂದಾಗ ಅದು ಬರಿಯ ಆತಂಕವೆಂದು ತಾನೇ ತೀರ್ಮಾನಿಸುವುದು ಅಪಾಯಕರ. ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆಯೂ ಇವೇ ಲಕ್ಷಣಗಳನ್ನು ತೋರಬಲ್ಲದು.

ಇತಿಹಾಸ

ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಕಂಡ ಎದೆಬಡಿತ, ಎದೆನೋವುಗಳನ್ನು ವೈದ್ಯ ಡ ಕೋಸ್ಟಾ 1871ರಲ್ಲಿ ವಿವರಿಸಿದಾಗ ಅದನ್ನು ಹೃದಯದ ತೊಂದರೆಯೆಂದೇ ಬಗೆದಿದ್ದನು. 1895ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಆತಂಕದ ನರರೋಗವೆಂಬ ಪ್ರತ್ಯೇಕ ವರ್ಗವನ್ನು ಸೂಚಿಸಿದನು. ಅಮೆರಿಕದ ಮನೋವೈದ್ಯ ಸಂಘವು 1980ರಲ್ಲಿ ಪ್ಯಾನಿಕ್ ಮತ್ತು ಸಾರ್ವತ್ರಿಕ ಆತಂಕಗಳನ್ನು ಬೇರೆ ಬೇರೆಯಾಗಿ ಹೆಸರಿಸಿತು. ಗೀಳುರೋಗವನ್ನು 2013ರಲ್ಲಿ ಈ ಗುಂಪಿನಿಂದ ಹೊರಗಿರಿಸಿತು.

ಚಿಕಿತ್ಸೆ

ಅರಿವಿನ ವರ್ತನಾ ಚಿಕಿತ್ಸೆಯು ಪರಿಣಾಮಕಾರಿಯೆಂದು ಸಿದ್ಧವಾಗಿದೆ. ಇದರಲ್ಲಿ ರೋಗಿಯು ತನ್ನ ಭಯದ ಆಲೋಚನೆಗಳನ್ನು ಪರೀಕ್ಷಿಸುವುದನ್ನೂ, ತಪ್ಪಿಸಿಕೊಳ್ಳುತ್ತಿದ್ದ ಸನ್ನಿವೇಶಗಳನ್ನು ಹಂತಹಂತವಾಗಿ ಎದುರಿಸುವುದನ್ನೂ ಕಲಿಯುತ್ತಾನೆ. ಸೆರೊಟೋನಿನ್ ಮೇಲೆ ಕೆಲಸ ಮಾಡುವ ಖಿನ್ನತೆ ನಿವಾರಕ ಔಷಧಗಳನ್ನೂ ವೈದ್ಯರು ಕೊಡುತ್ತಾರೆ. ಇವುಗಳ ಗುಣ ತಿಳಿಯಲು ಕೆಲವು ವಾರಗಳು ಬೇಕಾಗುವುದರಿಂದ ನಾಲ್ಕು ದಿನ ನುಂಗಿ ನಿಲ್ಲಿಸುವುದು ವ್ಯರ್ಥ. ಬೆಂಜೊಡೈಯಜಿಪೀನ್ ವರ್ಗದ ಮಾತ್ರೆಗಳು ಬೇಗ ಶಮನ ನೀಡಿದರೂ ಚಟವಾಗಬಲ್ಲವು. ಅವನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಮದ್ಯವೂ ಅಂತೆಯೇ. "ಧೈರ್ಯ ತಂದುಕೋ" ಎಂಬ ಮನೆಯವರ ಮಾತು ಸದುದ್ದೇಶದ್ದಾದರೂ, ರೋಗಿಯಲ್ಲಿ ನಾಚಿಕೆಯನ್ನು ಹೆಚ್ಚಿಸಿ ಚಿಕಿತ್ಸೆಯನ್ನು ಮುಂದೂಡಿಸುವುದೇ ಹೆಚ್ಚು.

ಬಳ್ಳಾರಿಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ ಪ್ರಯೋಗದ ಮಾದರಿಯಲ್ಲಿ 1996ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯಲ್ಲಿ, 14416 ಸಂಖ್ಯೆಗೆ ಕರೆ ಮಾಡಿ, ಕನ್ನಡದಲ್ಲಿಯೂ ಉಚಿತವಾಗಿ ಸಲಹೆ ಪಡೆಯಬಹುದು.