ಕಿವಿಮೊರೆತವೂ ಸದ್ದಡಗಿಸುವ ಹೆಡ್‌ಫೋನೂ

ಟಿನಿಟಸ್ ಎಂಬ ಕಿವಿಮೊರೆತವಿದ್ದು, ಹೊರಗಿನ ಸದ್ದನ್ನೂ ಸಹಿಸಲಾರದವರು ಎಂತಹ ಹೆಡ್‌ಫೋನನ್ನು ಆರಿಸಬೇಕು? ಮೊದಲು ಅದರ ತತ್ತ್ವವನ್ನು ನಾವು ನೋಡೋಣ.

ಹೊರಗಿನ ಶಬ್ದತರಂಗವನ್ನು ಮೈಕ್ರೊಫೋನಿನಿಂದ ಗ್ರಹಿಸಿ, ಅದರ ಉಬ್ಬಿಗೆ ತಗ್ಗು ಕೂಡುವಂತೆ ವಿರುದ್ಧ ತರಂಗವನ್ನು ಈ ಉಪಕರಣವು ಹೊರಡಿಸುತ್ತದೆ. ೧೦೦ ಹರ್ಟ್ಸ್ ತರಂಗದ ಉದ್ದ ಸುಮಾರು ೩.೪ ಮೀಟರು, ಬಸ್ಸಿನ ಎಂಜಿನ್ನಿನ ಇಂತಹ ಗುಡುಗುಡು ಸುಲಭವಾಗಿ ಅಡಗುತ್ತದೆ. ೫,೦೦೦ ಹರ್ಟ್ಸಿನದು ಸುಮಾರು ೭ ಸೆಂಟಿಮೀಟರು. ತುಸು ತಡವಾದರೂ ಹೊಂದಿಕೆ ತಪ್ಪುತ್ತದೆ. ತಟ್ಟೆ ಬಿದ್ದ ಸದ್ದನ್ನು ತಗ್ಗಿಸಲು ಕಿವಿಯನ್ನು ಪೂರ್ಣವಾಗಿ ಮುಚ್ಚುವ ಮೆತ್ತೆಯೇ ಬೇಕು.

ಕಿವಿಮೊರೆತವಾದರೋ ಸಾಮಾನ್ಯವಾಗಿ ಗಾಳಿಯ ತರಂಗವೇ ಅಲ್ಲ. ನರಮಂಡಲದಲ್ಲಿ ಹುಟ್ಟುವ ಅನುಭವ. ಸುತ್ತಲೂ ನಿಶ್ಶಬ್ದವಾದಷ್ಟೂ ಅದು ಎದ್ದು ಕೇಳುತ್ತದೆ. ಆದ್ದರಿಂದ ಅಡಗಿಸುವ ಪ್ರಮಾಣವನ್ನು ಹೆಚ್ಚು ಕಡಮೆ ಮಾಡಬಲ್ಲ ಹೆಡ್‌ಫೋನನ್ನು ಧರಿಸಿ ನೋಡಿಯೇ ಕೊಳ್ಳಬೇಕು. ಮಳೆಯಂತಹ ಮೆಲುದನಿಯನ್ನು ಅದರಲ್ಲಿ ಕೇಳಬಹುದು. ದಿನವಿಡೀ ಧರಿಸಿದರೆ ಮಾತ್ರ ಕಿವಿಯ ಅಸಹನೆ ಇನ್ನಷ್ಟು ಹೆಚ್ಚೀತು.